ಟವೆಲ್ ಕೆಳಗೆ ಮ್ಯೂಚುವಲ್ ಫಂಡ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಇದುವರೆಗೆ ನಾನು ಬರೆದದ್ದೆಲ್ಲ ಬೇರೆಯವರ ಅರ್ಜಿ. ಪಿರಿಯಾಪಟ್ಟಣದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ ತೆಗೆಸಲು ಬಂದವರು ಷೇರಿನ ವಿಷಯವನ್ನೂ ಕೇಳುತ್ತಾರೆ, ಹಾಗಾಗಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಇವು ನಮ್ಮ ಚಿಕ್ಕಪ್ಪನವು. ಹೊಗೆಸೊಪ್ಪು ಮಾರಿ ಎರಡು ಲಕ್ಷ ಉಳಿಸಿದ್ದರು. ನಾಲ್ಕನೇ ಕ್ಲಾಸಿನ ಮೊಮ್ಮಗಳನ್ನು ಮುಂದೆ ನರ್ಸಿಂಗ್ ಓದಿಸಲು ಅದೊಂದೇ ಗಂಟು.

ಗ್ರೇಡ್

"ಇಂಡೆಕ್ಸ್ ಫಂಡ್ ಅಂದ್ರೆ ಏನ್ಲಾ?" ಅಂದರು ಚಿಕ್ಕಪ್ಪ.

ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ (ಐವತ್ತೇ ಆಗಬೇಕೆಂದಿಲ್ಲ, ನಾನು ಹೇಳಿದ್ದು ಐವತ್ತರದು) ದುಡ್ಡು ಒಟ್ಟಿಗೆ ಹಾಕುವುದು. ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ಆರಿಸುವವರು ಇರುವುದಿಲ್ಲ, ಅದಕ್ಕೇ ಖರ್ಚು ಕಡಿಮೆ ಎಂದು ವಿವರಿಸಿದೆ.

"ಆರಿಸೋರೇ ಇಲ್ವಾ? ಒಂದು ವರ್ಷ ನಾನೂ ಸೊಪ್ಪನ್ನ ಒಳ್ಳೇದು ಕೆಟ್ಟದ್ದು ಅಂತ ಗ್ರೇಡ್ ಮಾಡ್ದಂಗೇ ಬೇಲ್ ಕಟ್ಟಿ ಹರಾಜಿಗೆ ಇಟ್ಟಿದ್ದೆ ಕಣ್ಲಾ."

"ಏನಾಯ್ತು?"

"ಪಕ್ಕದಲ್ಲೇ ನಿನ್ ಚಿಕ್ಕಮ್ಮ ತಿಂಗಳುಗಟ್ಲೆ ಕೂತು ಗ್ರೇಡ್ ಮಾಡಿದ್ ಬೇಲು. ಎರಡಕ್ಕೂ ಒಂದೇ ರೇಟು ಬಂತು. ಇವತ್ತಿಗೂ ಮನೇಲಿ ಯೋಳಿಲ್ಲ, ನೀನೂ ಯೋಳ್ಬೇಡ."

ಟವೆಲ್

ಮಾರನೇ ವಾರ ಕೆ.ಆರ್. ನಗರದಿಂದ ಚಿಕ್ಕಮ್ಮನ ಅಣ್ಣನ ಮಗ ಬಂದ. ಅವನು ಫಂಡ್ ಏಜೆಂಟ್. ಕಂಪನಿಗಳನ್ನು ಆರಿಸಿ ದುಡ್ಡು ಹಾಕುವಂಥ ಫಂಡು ತಂದಿದ್ದ. "ನೀವು ನಂಗೆ ಒಂದ್ರೂಪಾಯಿ ಕೊಡೋದು ಬ್ಯಾಡ, ಮಾವ."

ಚಿಕ್ಕಪ್ಪ ಪ್ರಾಯದಲ್ಲಿ ದನದ ದಲ್ಲಾಳಿ. ದನದ ವ್ಯಾಪಾರದಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ, ಟವೆಲ್ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಹೆಗಲ ಟವೆಲನ್ನು ಅವನ ಕೈ ಮೇಲೆ ಹೊದಿಸಿ, "ಈಗ ಯೋಳಪ್ಪ, ನಿಂಗೆಷ್ಟು ಸಿಕ್ತದೆ?" ಎಂದರು.

ಅವನು ಒಂದು ಬೆರಳು ಕೊಟ್ಟ.

"ಒಂದ್ಸಾವಿರವಾ?"

"ನೂರಕ್ಕೆ ಒಂದು, ಮಾವ. ನಿಮ್ಮ ದುಡ್ಡಲ್ಲಿ ಹಿಡ್ಕಂಡು ಕಂಪನಿ ಕೊಡ್ತದೆ."

"ಆಗ್ಲಿ. ಒಂದ್ಸಲ ತಾನೆ?"

"ವರ್ಷಾವರ್ಷ. ಮಾರ್ಕೆಟ್ ಬಿದ್ದಾಗ ನೀವು ಹೆದರಿ ತೆಗೀದಂಗೆ ತಡೀತೀನಲ್ಲ."

ಚಿಕ್ಕಪ್ಪ ನಿಧಾನವಾಗಿ ಟವೆಲ್ ಎತ್ತಿಕೊಂಡರು. "ನಾನು ಮಾರಿಸಿದ್ ಎತ್ತು ಎಷ್ಟು ಮನೇಲಿದ್ದೋ. ವರ್ಷಾವರ್ಷ ಹೋಗಿ ದಲ್ಲಾಳಿ ದುಡ್ಡು ಈಸ್ಕೋಬೋದು ಅಂತ ಆಗ ಯಾರೂ ಯೋಳ್ಕೊಡ್ಲಿಲ್ವಲ್ಲ."

ಓಟಿಪಿ

ಕೊನೆಗೆ ನನ್ನ ಅಂಗಡಿಯಲ್ಲೇ ಕೂತು ಇಂಡೆಕ್ಸ್ ಫಂಡಿಗೆ ಹಾಕಿದರು. ಕೆಲವು ತಿಂಗಳಿಗೆ ಮಾರ್ಕೆಟ್ ಬಿತ್ತು. ಇವತ್ತು ಬೆಳಿಗ್ಗೆ ನನ್ನನ್ನು ಮನೆಗೆ ಕರೆಸಿ, "ಎರಡು ಲಕ್ಷ ಇದ್ದದ್ದು ಒಂದೂಮುಕ್ಕಾಲಿಗೆ ಬಂದದೆ. ತೆಗಿ" ಎಂದರು. ಮೊಮ್ಮಗಳು ಕಾಲೇಜು ಸೇರಲು ಇನ್ನೂ ವರ್ಷಗಳಿವೆ, ಅಷ್ಟರಲ್ಲಿ ಏಳಬಹುದು ಎಂದು ಮೂರು ರೀತಿಯಲ್ಲಿ ವಿವರಿಸಿದೆ. ಕೇಳಲಿಲ್ಲ. ಆದರೆ ದುಡ್ಡು ತೆಗೆಯಲು ಅವರ ಫೋನಿಗೆ ಓಟಿಪಿ ಬರಬೇಕು. ಫೋನೇ ಇಲ್ಲ.

"ನಾನೇ ಎತ್ತಿಟ್ಟಿವ್ನಿ," ಅಂದರು ಚಿಕ್ಕಮ್ಮ, ರೊಟ್ಟಿ ತಟ್ಟುತ್ತ. "ಕೂಸು ಕಾಲೇಜು ಸೇರೋಗಂಟ ಕೊಡಾಕಿಲ್ಲ."

"ಯಾರಾದ್ರೂ ಫೋನ್ ಮಾಡಿದ್ರೆ?" ಅಂದರು ಚಿಕ್ಕಪ್ಪ.

"ನಾನ್ ಮಾತಾಡ್ತೀನಿ ಬುಡಿ."

ಅವರ ಜಗಲಿಯಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ಓಟಿಪಿ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಿಬಿಡಬೇಕು. ಅದು ಆರು ಅಂಕಿಯ ಗುಟ್ಟಿನ ಸಂಖ್ಯೆ, ಒಂದೇ ಸಲಕ್ಕೆ ಮಾತ್ರ, ಸ್ವಲ್ಪ ಹೊತ್ತಿನೊಳಗೆ ಒತ್ತದಿದ್ದರೆ ಅದು... ತಾಳಿ, ಒಳಗಿಂದ ಚಿಕ್ಕಪ್ಪ ಕೂಗುತ್ತಿದ್ದಾರೆ. ರಾಗಿ ಡ್ರಮ್ಮಿನೊಳಗೆ ಫೋನ್ ರಿಂಗಾಗುತ್ತಿದೆಯಂತೆ, ನಾನು ಬಂದು ಒಂದು ಕೈ ಹಿಡಿಯಬೇಕಂತೆ, ಮುಚ್ಚಳದ ಮೇಲೆ ಚಿಕ್ಕಮ್ಮ ಕೂತುಬಿಟ್ಟಿದ್ದಾರಂತೆ.