ಹೊಳಪು ನೋಡಿ ಆರಿಸಿದ ಸ್ಟಡ್ಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಲೋಹದ ವಿಷಯದಲ್ಲಿ ಕಾರ್ಕಳದ ಯಾವ ಎಮ್ಮೆಗೂ ನನಗಿಂತ ಹೆಚ್ಚು ತಿಳುವಳಿಕೆ ಇದ್ದೀತು. ಗೂಟ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಎಮ್ಮೆ ಕನಿಷ್ಠ ಒಮ್ಮೆ ಎಳೆದು ನೋಡುತ್ತದೆ. ನಾನು ಡಿಪ್ಲೊಮಾ ಪಾಸಾದವನು, ಎಳೆದು ನೋಡಲಿಲ್ಲ. ಹೊಳಪು ನೋಡಿ ಸ್ಟಡ್ಡು ಆರಿಸಿದೆ.

ಮಣಿಪಾಲದ ಒಂದು ಶೆಡ್ಡಿನಲ್ಲಿ ನಾವು ತಗಡಿನ ಡಬ್ಬ ಮಾಡುತ್ತಿದ್ದೆವು. ಧಣಿಗಳ ಮುಂದೆ ಅದನ್ನು ‘ಎನ್‌ಕ್ಲೋಷರ್’ ಎನ್ನಬೇಕು; ಡಬ್ಬ ಎಂದರೆ ಅವರ ಮುಖವೇ ಡಬ್ಬವಾಗುತ್ತಿತ್ತು. ನಾನಿನ್ನೂ ಪ್ರೊಬೇಷನ್ನಿನ ಪ್ರಾಣಿ. ಹೆಜಮಾಡಿಯ ಸೋಮಪ್ಪಣ್ಣನವರ ಮೀನುಗಾರಿಕೆ ಬೋಟಿಗೆ ಸ್ವಿಚ್ಚು ಕೂರಿಸುವ ಪೆಟ್ಟಿಗೆ ಬೇಕಾಗಿತ್ತು, ಉಪ್ಪುಗಾಳಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ತಗಡಿನದು. “ಇದೊಂದು ನೆಟ್ಟಗೆ ಮಾಡಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಬೆಳ್ಮಣ್ಣಿಗೆ ಬಸ್ಸು ಉಂಟು, ಮನೆಗೆ ಹೋಗು,” ಎಂದರು ಧಣಿಗಳು.

ಸ್ವಿಚ್ಚು ಹಿಡಿಯಲು ತಗಡಿನಲ್ಲಿ ತಿರುಪು ಕೊರೆದ ಗಿಡ್ಡ ಕಡ್ಡಿಗಳು, ಅಂದರೆ ಸ್ಟಡ್ಡುಗಳು, ನಿಲ್ಲಬೇಕು. ವೆಲ್ಡಿಂಗ್ ಮಾಡಿದ್ದರೆ ಮುಗಿಯುತ್ತಿತ್ತು. ಅದು ಅಜ್ಜನ ಕಾಲದ್ದೆಂದು ನಾನು ಮೂಗು ಮುರಿದೆ. ಬೊಂಬಾಯಿಯಿಂದ ಹೊಸ ಬಗೆಯ ಸ್ಟಡ್ಡು ಬಂದಿತ್ತು: ತಲೆಯ ಅಡಿಯಲ್ಲಿ ಸಣ್ಣ ಹಲ್ಲುಗಳು, ತೂತಿಗಿಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ತಗಡನ್ನು ಕಚ್ಚಿ ಕೂರುತ್ತವೆ. ಅದರಲ್ಲಿ ಎರಡು ಬಗೆ. ಒಂದು ಹದಗೊಳಿಸಿ ಗಟ್ಟಿ ಮಾಡಿದ, ಮಂಕು ಮುಖದ ಸ್ಟೇನ್‌ಲೆಸ್ಸಿನದು, ಇನ್ನೊಂದು ಮದುಮಗನ ಹಾಗೆ ಫಳಫಳಿಸುವ ಸಾದಾ ಸ್ಟೇನ್‌ಲೆಸ್ಸಿನದು. ಕಚ್ಚುವ ಹಲ್ಲು ಕಚ್ಚಿಸಿಕೊಳ್ಳುವ ವಸ್ತುವಿಗಿಂತ ಗಟ್ಟಿಯಿರಬೇಕೆಂದು ಹಲ್ಲು ಹೋದ ಅಜ್ಜಿಯಂದಿರಿಗೂ ಗೊತ್ತು. ಅದಕ್ಕೇ ಅವರು ಚಕ್ಕುಲಿಯ ತಂಟೆಗೆ ಹೋಗುವುದಿಲ್ಲ. ನಾನು ಮಾತ್ರ ಜಾತಕ ನೋಡುವ ಭಟ್ಟರ ಗತ್ತಿನಲ್ಲಿ, ಹೊಳೆಯುವ ಸ್ಟೀಲಿಗೆ ಹೊಳೆಯುವ ಸ್ಟೀಲೇ ಸರಿಯಾದ ಸಂಬಂಧ ಎಂದು ತೀರ್ಪು ಕೊಟ್ಟೆ. ಒತ್ತಿದಾಗ ಸ್ಟಡ್ಡು ಕೂತ ಹಾಗೆಯೇ ಕಂಡಿತು. ಧಣಿಗಳು ಖುಷಿಯಾಗಿ ನನಗೊಂದು ಪ್ಲೇಟು ಗೋಳಿಬಜೆ ತರಿಸಿದರು. ನಾಚಿಕೆಯಿಲ್ಲದೆ ತಿಂದೆ.

ಸೋಮಪ್ಪಣ್ಣ ಬಂದರು. ಧಣಿಗಳ ಭಾಷಣ ಮುಗಿಯುವವರೆಗೂ ಕಾಯದೆ ಸ್ಪ್ಯಾನರ್ ಎತ್ತಿ ನಟ್ಟು ಬಿಗಿದರು. ನಟ್ಟಿನ ಜೊತೆ ಸ್ಟಡ್ಡೂ ತಿರುಗಿತು. ಇನ್ನೂ ಬಿಗಿದರು, ಇನ್ನೂ ತಿರುಗಿತು.

“ಎಂತ ಮಾರಾಯ ಇದು? ಗಡಿಯಾರಕ್ಕೆ ಕೀ ಕೊಡುವುದಾ?”

“ಹೊಸ ನಮೂನೆಯದ್ದು ಅಣ್ಣಾ,” ಎಂದೆ.

“ಹೊಸತು ಅಂತ ಕುಣಿಯಬೇಕಾ ಅದು?” ಎಂದವರೇ ಹೆಬ್ಬೆರಳಿನಲ್ಲಿ ದೂಡಿದರು. ಸ್ಟಡ್ಡು ಹಾಲುಹಲ್ಲಿನ ಹಾಗೆ ಕಳಚಿ ಧಣಿಗಳ ಚಹಾಕ್ಕೆ ಬಿತ್ತು.

“ನಾನು ಆಗಲೇ ವೆಲ್ಡಿಂಗ್ ಮಾಡು ಅಂತ ಹೇಳಿದ್ದೆ,” ಎಂದರು ಧಣಿಗಳು. ಹೇಳಿರಲಿಲ್ಲ. “ನಾಳೆಯಿಂದ ನೀನು ಬರುವುದು ಬೇಡ.”

ನಾನು ಬುತ್ತಿ ಡಬ್ಬಿ ಎತ್ತಿಕೊಂಡು ಬಾಗಿಲಿಗೆ ಹೋಗಿದ್ದೆ. ಸೋಮಪ್ಪಣ್ಣ ನಗುತ್ತಾ ತಡೆದರು. “ಧಣಿಗಳೇ, ಪೆಟ್ಟಿಗೆ ನನಗೆ ಬೇಕು. ಇವನೇ ಮಾಡಲಿ, ಮೇಜಿನ ಮೇಲೆ ಬಿದ್ದಿರುವ ಆ ಗಟ್ಟಿ ಮಂಕು ಸ್ಟಡ್ಡು ಹಾಕಿ. ಇವನನ್ನು ಖಾಯಂ ಮಾಡಿ ಬಿಡಿ.” ಗಿರಾಕಿಯ ಮಾತಿಗೆ ಧಣಿಗಳು ಚಹಾದೊಳಗಿನ ಸ್ಟಡ್ಡನ್ನೇ ನುಂಗಿದವರ ಹಾಗೆ ತಲೆಯಾಡಿಸಿದರು.

ನನ್ನ ಪ್ರತಿಭೆ ಒಬ್ಬರಿಗಾದರೂ ಕಂಡಿತಲ್ಲ ಎಂದು ಎದೆಯುಬ್ಬಿಸಿದೆ. ಸೋಮಪ್ಪಣ್ಣ ಹೆಗಲ ಮೇಲೆ ಕೈಯಿಟ್ಟರು. “ದೊಡ್ಡ ಜನ ಆಗಬೇಡ ಮಾರಾಯ. ನೀನು ಹಾಳು ಮಾಡುವುದಾದರೆ ನೆಲದ ಮೇಲೆಯೇ ಮಾಡ್ತೀಯಲ್ಲ, ಅಷ್ಟೇ. ನನ್ನ ಬೋಟಿನಲ್ಲಿ ಇರುವವರು ನಡುಕಡಲಿಗೆ ಹೋದ ಮೇಲೆಯೇ ಶುರು ಮಾಡುವುದು.”