ಕರೆಯದೆ ಒಳಗೆ ಬಾರದವರು

ರಕ್ತಪಿಶಾಚಿಗೆ ಹೆಣ್ಣು ಕೊಡಬಹುದೋ ಬಾರದೋ ಎಂದು ಕೂತು ವಿಚಾರಣೆ ನಡೆಸಿದ ಹೆಂಗಸು ಹಾಸನ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ದೊಡ್ಡವ್ವ ಒಬ್ಬಳೇ. ಕೊಡಬಹುದು ಎಂದೇ ಅವಳು ತೀರ್ಪು ಕೊಟ್ಟಳು! ಕಾರಣ ಹೇಳಿದರೆ ನೀವು ನಗುತ್ತೀರಿ. ನಾನೂ ನಕ್ಕಿದ್ದೆ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಅವಳಿಗೆ ಮಕ್ಕಳಿರಲಿಲ್ಲ. ನನಗೆ ಐದು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಅಲ್ಲಿಂದ ಮುಂದೆ ಹಳೇಕೋಟೆಯ ಮನೆಯಲ್ಲಿ ನನ್ನನ್ನು ಸಾಕಿದವಳು ಇವಳೇ. ಊರವರಿಗೆಲ್ಲ ಸಂಬಂಧ ಕುದುರಿಸುವುದು ಇವಳ ಕಸುಬು. ಕಸುಬು ಎಲ್ಲಿಂದ ಬಂತು, ಚಟ! ಅರಕಲಗೂಡಿನ ಗಂಡಿಗೆ ಚನ್ನರಾಯಪಟ್ಟಣದ ಹೆಣ್ಣು ಇವಳ ತಲೆಯಲ್ಲೇ ಜೋಡಿಯಾಗಿರುತ್ತಿತ್ತು. ಅವರಿಬ್ಬರಿಗೆ ಅದು ತಿಳಿಯುವುದು ಆಮೇಲೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ತಮ್ಮ ಸ್ಟಾಪಿನಲ್ಲಿ ಇಳಿಯುವ ಹೊತ್ತಿಗೆ ಅವರ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರು ಎಷ್ಟು ಜನ ಎಂಬುದು ಇವಳ ಬಾಯಲ್ಲಿರುತ್ತಿತ್ತು.

ಅವಳದೊಂದು ಕಾನೂನಿತ್ತು. ಶುಭಕಾರ್ಯಕ್ಕಾಗಲಿ ಹೊಸ ಮನೆಗಾಗಲಿ, ಮನೆಗೆ ಬಂದು ಎಲೆ ಅಡಿಕೆ ಇಟ್ಟು ಕರೆಯಬೇಕು. ಇಲ್ಲದಿದ್ದರೆ ಬರುವುದಿಲ್ಲ. ಕೊಣನೂರಿನ ಒಂದು ಮದುವೆಯಲ್ಲಿ ಹೆಣ್ಣು ತೋರಿಸಿದ್ದು, ಒಪ್ಪಿಸಿದ್ದು, ಮುನಿಸಿಕೊಂಡಿದ್ದ ಸೋದರಮಾವನನ್ನು ಸಮಾಧಾನ ಮಾಡಿದ್ದು ಎಲ್ಲ ದೊಡ್ಡವ್ವನೇ. ಲಗ್ನಪತ್ರಿಕೆ ಮಾತ್ರ ಮೊಬೈಲಿಗೆ ಬಂತು. ಧಾರೆಯ ಹಿಂದಿನ ದಿನ ಮಧ್ಯಾಹ್ನ ಯಾರೋ ವಿಷಯ ಮುಟ್ಟಿಸಿದ ಮೇಲೆ ಗಂಡಿನ ಅಪ್ಪ ಕಾರು ಮಾಡಿಕೊಂಡು, ಎಲೆ ಅಡಿಕೆ ಹಿಡಿದು ಓಡಿ ಬಂದರು. ಬಂದು ನೋಡಿದರೆ ಇವಳು ರೇಷ್ಮೆ ಸೀರೆ ಉಟ್ಟು, ಚೀಲ ಕಟ್ಟಿಕೊಂಡು, ಜಗುಲಿಯ ಮೇಲೆ ಕೂತಿದ್ದಾಳೆ. ಬೆಳಿಗ್ಗೆಯಿಂದ!

ಇಷ್ಟೆಲ್ಲ ಗೊತ್ತಿದ್ದ ನಾನು ಏನು ಮಾಡಿದೆ? ಹಾಸನದಲ್ಲಿ ಮನೆ ಕಟ್ಟಿದೆ, ಗೃಹಪ್ರವೇಶಕ್ಕೆ ಅವಳನ್ನು ಫೋನಿನಲ್ಲಿ ಕರೆದೆ. ಸಾಕಿದವಳನ್ನು ನೆಂಟರ ಹಾಗೆ ಕರೆಯುವುದೇನು ಎಂದುಕೊಂಡಿದ್ದೆ. ಅವಳು, ಬಂದು ಕರಿ ಅಂದಳು. ನಾನು ಹೋಗಲಿಲ್ಲ, ಅವಳು ಬರಲಿಲ್ಲ. ನಮ್ಮಿಬ್ಬರ ಮಾತುಕತೆಗೆ ಏನೂ ಕುಂದಾಗಲಿಲ್ಲ. ನನ್ನ ಹೊಸಿಲು ಮಾತ್ರ ಅವಳು ತುಳಿಯಲಿಲ್ಲ.

ಆಮೇಲೆ ಅವಳ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಹಾಸನದ ಆಸ್ಪತ್ರೆಗೆ ಬರಬೇಕಾಯಿತು. ಮೈಯ ರಕ್ತವನ್ನು ಯಂತ್ರ ಹೊರಗೆಳೆದು, ಸೋಸಿ, ವಾಪಸ್ಸು ಬಿಡಲು ನಾಲ್ಕು ಗಂಟೆ. ಮುಗಿದ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ನಮ್ಮ ಮನೆ. ಆಟೋ ಗೇಟಿನ ಮುಂದೆ ನಿಲ್ಲುತ್ತಿತ್ತು. ಮಹಾರಾಣಿ ಇಳಿಯುತ್ತಿರಲಿಲ್ಲ! ಡಾಕ್ಟರು ಅಳತೆ ಹೇಳಿದ್ದ ಅರ್ಧ ಲೋಟ ಮಜ್ಜಿಗೆಯನ್ನು ನನ್ನ ಮಗಳು ಆಟೋದೊಳಕ್ಕೇ ಕೊಡಬೇಕು. ನಾನು ಗೇಟು ಹಿಡಿದು, ಇಗೋ ಕರೀತಾ ಇದ್ದೀನಲ್ಲ ಬಾ ದೊಡ್ಡವ್ವ, ಅಂದರೆ ಅವಳು ನಿಧಾನವಾಗಿ ಮೂತಿ ಒರೆಸಿಕೊಂಡು ಹೇಳುವಳು:

“ಗೇಟಲ್ಲಿ ನಿಂತ್ಕಂಡು ಕರ್ಯದು ಕೋಳಿನ ಕಣ್ಲಾ. ನನ್ನ ಕರ್ಯಂಗಿದ್ರೆ ಊರಿಗೆ ಬಾ.”

ಈ ಭಾನುವಾರ ಬರುತ್ತೇನೆ ಅನ್ನುತ್ತಿದ್ದೆ. ಒಂದು ಭಾನುವಾರ ಆಫೀಸಿನವರ ಮದುವೆ, ಇನ್ನೊಂದು ಭಾನುವಾರ ನೆಗಡಿ. ನಿಜ ಹೇಳಬೇಕೆಂದರೆ ಹಟ. ವಾರಕ್ಕೆ ಮೂರು ಸಲ ಮುಖ ನೋಡುವವಳನ್ನು ಕರೆಯಲು ಎರಡು ಬಸ್ಸು ಬದಲಾಯಿಸಿಕೊಂಡು ಹೋಗಬೇಕೆ?

ಪಿಶಾಚಿ ಪ್ರವೇಶಿಸಿದ್ದು ಈ ಹೊತ್ತಿನಲ್ಲಿ. ಮಗಳು ಪಿಯುಸಿ. ರಜೆಯ ದಿನ ಆಸ್ಪತ್ರೆಯಲ್ಲಿ ಅಜ್ಜಿಯ ಹಾಸಿಗೆಯ ಪಕ್ಕ ಕೂತು ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ ಓದುವಳು. ಎಲ್ಲದರಲ್ಲೂ ರಕ್ತ ಕುಡಿದು ಸಾವಿಲ್ಲದೆ ಬದುಕುವ ಚೆಲುವ ಹುಡುಗರು. ಹಿಂದೊಮ್ಮೆ ನನ್ನ ನಾದಿನಿ ಇಂಥವನ್ನೇ ಓದಿ ರದ್ದಿಗೆ ಹಾಕಿದ್ದಳು. ನಡುವೆ ಅವುಗಳ ಸುದ್ದಿಯೇ ಇರಲಿಲ್ಲ. ಈಗ ನೋಡಿದರೆ ಮಗಳ ಕಾಲೇಜಿನ ಹುಡುಗಿಯರ ಬ್ಯಾಗಿನಲ್ಲೆಲ್ಲ ಮತ್ತೆ ಅವೇ. ಇದೇನು ಹೀಗೆ ಎಂದು ನಾನು ಬೆರಗುಪಟ್ಟರೆ ದೊಡ್ಡವ್ವನಿಗೆ ಏನೂ ಅನ್ನಿಸಲಿಲ್ಲ. ಸಾಯದೋರು ಎಲ್ಲಿಗೆ ಓಗ್ತರೆ, ಯಾರೋ ನೆಂಟರ ಮನೆಗೆ ಓಗಿದ್ರು ಬಂದವ್ರೆ, ಅಂದಳು.

ನಾಲ್ಕು ಗಂಟೆ ಸುಮ್ಮನಿರುವುದು ಅವಳ ಜಾಯಮಾನವಲ್ಲವಲ್ಲ, ಕಥೆ ಹೇಳಿಸಿಕೊಳ್ಳತೊಡಗಿದಳು. ಇನ್ನೂರು ವರ್ಷದ ಪಿಶಾಚಿ, ನೋಡಲು ಹದಿನೆಂಟರ ಹುಡುಗ, ಬೇಕರಿಯವನ ಮಗಳ ಮೇಲೆ ಪ್ರೀತಿ. ಅಷ್ಟು ಸಾಕಾಯಿತು. ದೊಡ್ಡವ್ವನ ಪಾಲಿಗೆ ಅದು ಕಥೆಯಲ್ಲ, ಗಂಡಿನ ಕಡೆಯ ವಿವರ! ಇನ್ನೂರು ವರ್ಷದಲ್ಲಿ ಒಂದು ಸೈಟೂ ಮಾಡಿಲ್ಲವೆ ಎಂದು ಕೇಳಿದಳು. ಕನ್ನಡಿಯಲ್ಲಿ ಕಾಣುವುದಿಲ್ಲ ಅಂದಾಗ, ಹಾಗಾದರೆ ಕ್ರಾಪು ಬಾಚುವವರು ಯಾರು, ಮನೆಯಲ್ಲಿ ಹೆಂಗಸರು ಇರಲೇಬೇಕು, ಸರಿಯಾಗಿ ವಿಚಾರಿಸು ಅಂದಳು. ಬಿಸಿಲಿಗೆ ಹೋದರೆ ಸುಟ್ಟುಹೋಗುತ್ತಾನೆ ಎಂದು ಮಗಳು ಹೇಳಿದಳು.

“ಅಂಗಾರೆ ಒಲದ ಕೆಲ್ಸಕ್ಕೆ ಆಗಲ್ಲ ಅನ್ನು. ನಿಮ್ಮಪ್ಪನಂಗೆ ಆಫೀಸ್ನೋನು.”

ಅಜ್ಜಿ, ಅವನು ರಕ್ತ ಕುಡಿಯುತ್ತಾನೆ, ಅದು ಪರವಾಗಿಲ್ಲವಾ ಎಂದು ಮಗಳು ಕೇಳಿದಾಗ ದೊಡ್ಡವ್ವ ತನ್ನ ಪಕ್ಕದ ಯಂತ್ರವನ್ನು ಗದ್ದದಲ್ಲಿ ತೋರಿಸಿದಳು.

“ಇದು ವಾರಕ್ಕೆ ಮೂರು ಸಲ ಕುಡೀತದೆ. ಒಂದ್ ದಿನಾನಾರ ಪ್ರೀತಿಯಿಂದ ಮಾತಾಡ್ಸಿದ್ದದಾ?”

ನರ್ಸಮ್ಮ ನಗು ತಡೆಯಲಾಗದೆ ಆಚೆ ಹೋದರು.

ನಾನೂ ಆಸ್ಪತ್ರೆಯಲ್ಲಿದ್ದ ಇನ್ನೊಂದು ದಿನ ಮಗಳು ಹೇಳಿದಳು: ಈ ಪಿಶಾಚಿಗಳಿಗೆ ಎಷ್ಟೇ ಶಕ್ತಿ ಇರಲಿ, ಮನೆಯವರು ಬಾಯಿಬಿಟ್ಟು ಕರೆಯದೆ ಹೊಸಿಲು ದಾಟುವ ಹಾಗಿಲ್ಲ. ಕಾದಂಬರಿಯ ಹುಡುಗ ಮಳೆಯಲ್ಲಿ ನೆನೆಯುತ್ತ ಹುಡುಗಿಯ ಬಾಗಿಲಲ್ಲೇ ನಿಂತಿದ್ದಾನೆ.

ದೊಡ್ಡವ್ವ ಕತ್ತೆತ್ತಿದಳು. “ಎಷ್ಟೊತ್ತು ನಿಂತಿರ್ತನೆ?”

“ಕರೆಯೋವರೆಗೂ, ಅಜ್ಜಿ. ಎಷ್ಟು ವರ್ಷ ಆದ್ರೂ.”

“ಕೊಡಬೌದು ಕಣವ್ವ. ಒಳ್ಳೆ ಮನೆತನ,” ಅಂದವಳು ನನ್ನ ಕಡೆ ತಿರುಗಿದಳು. “ಪಿಸಾಚಿಗಳಿಗೂ ತಿಳಿದದೆ ನೋಡ್ಲಾ.”

ಆ ಏಟಿಗೆ ನನ್ನ ಹಟ ಇಳಿಯಿತು. ಶುಕ್ರವಾರ ಸಂಜೆ ಎಲೆ ಅಡಿಕೆ ತಂದೆ. ಭಾನುವಾರದವರೆಗೆ ಬಾಡದಿರಲಿ ಎಂದು ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ಶನಿವಾರ ಬೆಳಿಗ್ಗೆ ಹಳೇಕೋಟೆಯಿಂದ ಫೋನು ಬಂತು. ಕಾಫಿ ಕುಡಿದು ಜಗುಲಿಯಲ್ಲಿ ಕೂತವಳು ಹಾಗೇ ಹೋಗಿಬಿಟ್ಟಿದ್ದಳು.

ಮಣ್ಣು ಮುಗಿಸಿ ಬಂದಾಗ ಎಲೆ ಇನ್ನೂ ಹಸಿರಾಗಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಹೋದವರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಂದೆ ಮಾಡಿ ನಾವೆಲ್ಲ ಆಚೆ ನಿಲ್ಲುವುದು ನಮ್ಮ ಪದ್ಧತಿ. ದೊಡ್ಡವ್ವನಿಗೆ ಎಡೆ ಇಡಬೇಕಾದವನು ನಾನೇ. ಏನೇನು ಅಡುಗೆ ಮಾಡುವುದು ಎಂದು ಮಾತಾಡುತ್ತಿದ್ದಾಗ ಮಗಳು ಕೇಳಿದಳು, “ಅಪ್ಪಾ, ಅಜ್ಜಿ ಬರ್ತಾರಾ?”

ಅಮಾವಾಸ್ಯೆಗೆ ಮುಂಚಿನ ಭಾನುವಾರ ಎರಡು ಬಸ್ಸು ಬದಲಾಯಿಸಿಕೊಂಡು ಹಳೇಕೋಟೆಗೆ ಹೋದೆ. ಅವಳನ್ನು ಮಣ್ಣು ಮಾಡಿದ್ದ ಹೊಲದ ಬದಿಯಲ್ಲಿ ಎಲೆ ಅಡಿಕೆ ಇಟ್ಟು, “ದೊಡ್ಡವ್ವ, ಅಮಾಸೆಗೆ ಮನೆಗೆ ಬಾ” ಅಂದೆ. ಇನ್ನೊಮ್ಮೆ, ಗಟ್ಟಿಯಾಗಿ ಅಂದೆ. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದವರೊಬ್ಬರು ನಿಂತು ನೋಡಿದರು. ನನಗೆ ನಾಚಿಕೆಯಾಯಿತು. ಅವರು ನಗಲಿಲ್ಲ.

“ಎಲೆ ಅಡ್ಕೆ ಇಟ್ರಾ ಸಾ?” ಅಂದರು.

“ಇಟ್ಟೆ.”

“ಅಂಗಾರೆ ಬತ್ತರೆ ಬುಡಿ,” ಎಂದು ಹೊರೆ ಸರಿಮಾಡಿಕೊಂಡು ನಡೆದರು.

ಅಮಾವಾಸ್ಯೆಯ ದಿನ ಎಡೆಯಲ್ಲಿ ಎಲ್ಲ ಇಟ್ಟಾದ ಮೇಲೆ ಮಗಳು ಅರ್ಧ ಲೋಟ ಮಜ್ಜಿಗೆ ತಂದಳು. ಅಷ್ಟು ದಿನ ಗೇಟಿನ ಆಚೆಗೇ ಹೋಗುತ್ತಿದ್ದ ಲೋಟ ಅದು. ಒಳಗೆ, ಬಾಳೆಲೆಯ ಪಕ್ಕದಲ್ಲಿಟ್ಟಳು. ಡಾಕ್ಟರ ಅಳತೆ ಇನ್ನೇಕೆ ಎಂದು ನಾನು ಲೋಟ ತುಂಬಿಸಿದೆ.