ಪೀಪಾಯಿಗೆ ಕಿವಿಗೊಟ್ಟವನು

ಶಬ್ದ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೇ ತಪ್ಪಾಯಿತು.

ಅವನು ಸಂಗೀತ ಕಾಲೇಜಿನಲ್ಲಿ ಟಿಂಪನಿ ಕಲಿಯುವ ವಿದ್ಯಾರ್ಥಿ. ಟಿಂಪನಿ ಎಂದರೆ ದೊಡ್ಡ ವಾದ್ಯವೃಂದದ ಹಿಂದಿನ ಸಾಲಿನಲ್ಲಿರುವ, ತಾಮ್ರದ ಹಂಡೆಯ ಬಾಯಿಗೆ ಚರ್ಮ ಬಿಗಿದಂಥ ನಗಾರಿ. ನಗಾರಿ ಎಂದೊಡನೆ ಊರಿನ ಮನೆ ಮಾಲೀಕರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಒಬ್ಬರು ಮಾತ್ರ ಒಳಗೆ ಕೂರಿಸಿ, "ಕಿವಿ ಹೇಗಿದೆ? ಚುರುಕಾ?" ಎಂದು ಕೇಳಿದ್ದರು.

"ಗೋಡೆ ಆಚೆ ಚಮಚ ಬಿದ್ರೂ ಯಾವ ಸ್ವರ ಅಂತ ಹೇಳ್ತೀನಿ ಸಾರ್."

ಶಬ್ದ ಮಾಡಬಾರದೆಂದು ಮಾತು ತೆಗೆದುಕೊಂಡು ಮಾಲೀಕರು ಅವತ್ತೇ ಬೀಗದ ಕೈ ಕೊಟ್ಟರು. ಟೈಲರ್ ಮನೆಗೂ ನರ್ಸಮ್ಮನ ಮನೆಗೂ ನಡುವಿನ ಕೋಣೆ.

ಬಾರಿಸುವಂತಿಲ್ಲವಾದ್ದರಿಂದ ಅವನು ಅಲ್ಲಿ ಕಿವಿಯನ್ನಷ್ಟೇ ಪಳಗಿಸುತ್ತಿದ್ದ. ಟಿಂಪನಿಯಲ್ಲಿ ಅರ್ಧ ವಿದ್ಯೆ ಅದೇ: ಸುತ್ತಲಿನವರು ಭೋರ್ಗರೆಯುತ್ತಿರುವಾಗ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಚಿಮ್ಮಿ, ಕಿವಿ ತಗ್ಗಿಸಿ, ಸ್ವರ ಸರಿಯಿದೆಯೇ ಎಂದು ನೋಡಿಕೊಳ್ಳುವುದು. ಮನೆಗಳ ಬಾಗಿಲ ಪಕ್ಕ ಒಂದೊಂದು ನೀರಿನ ಪೀಪಾಯಿ ಇತ್ತು. ಒಂದು ಬೆಳಿಗ್ಗೆ ಅವನು ಟೈಲರ್ ಮನೆಯ ಪೀಪಾಯಿಯನ್ನು ಉಗುರಿನಿಂದ ಚಿಮ್ಮಿ, ಬಗ್ಗಿ, ಕಣ್ಣು ಮುಚ್ಚಿ ಆಲಿಸುತ್ತಿದ್ದಾಗ ಬಾಗಿಲು ತೆರೆಯಿತು.

"ಏನಪ್ಪಾ, ನಮ್ಮನೆ ಬಾಗಿಲಲ್ಲಿ?"

"ಪೀಪಾಯಿ ಸ್ವರ ಕೇಳ್ತಿದ್ದೆ ಅಣ್ಣಾ."

ಟೈಲರ್ ಪೀಪಾಯಿಯನ್ನು ನೋಡಿದ, ಅವನನ್ನು ನೋಡಿದ, ಅವನ ಕಿವಿಗೂ ಬಾಗಿಲಿಗೂ ಇದ್ದ ದೂರವನ್ನು ಕಣ್ಣಲ್ಲೇ ಅಳೆದ. ಟೇಪು ಬೇಕಾಗಲಿಲ್ಲ.

"ಏನಂತಪ್ಪಾ ಪೀಪಾಯಿ?"

"ಸ್ವಲ್ಪ ಇಳಿದಿದೆ."

ಮಧ್ಯಾಹ್ನದ ಹೊತ್ತಿಗೆ ಇಡೀ ವಠಾರ ಪರೀಕ್ಷೆಯ ಕೊಠಡಿಯಂತಾಯಿತು. ಟೈಲರ್ ದಂಪತಿ ಸನ್ನೆಯಲ್ಲೇ ಜಗಳವಾಡಿದರು. ಹೊಲಿಗೆ ಯಂತ್ರವೂ ಕಳ್ಳನಂತೆ ಹೆಜ್ಜೆಯಿಡುತ್ತಿತ್ತು. ಆಮೇಲೆ ಟೈಲರ್ ಮೆಲ್ಲಗೆ ಕೋಣೆಯೊಳಗೆ ಬಂದ.

"ನಿನ್ನ ಕೋಟಿನ ಎರಡೂ ತೋಳಿನ ಹೊಲಿಗೆ ಬಿಚ್ಚಿದೆ. ಕೊಡು, ಹೊಲಿದು ಕೊಡ್ತೀನಿ. ಮಾಲೀಕರ ಬಗ್ಗೆ ನಿನ್ನೆ ನಾನಂದಿದ್ದು ಮಾತ್ರ ಅವರ ಕಿವಿಗೆ ಹಾಕ್ಬೇಡ."

"ನಾನೇನೂ ಕೇಳಿಸ್ಕೊಂಡಿಲ್ಲಣ್ಣಾ."

"ಹಾಂ. ಯಾರು ವಿಚಾರಿಸಿದ್ರೂ ಹೀಗೇ ಹೇಳು."

ಟೈಲರ್ ಹೋದ ಬೆನ್ನಿಗೇ ನರ್ಸಮ್ಮ ಬಂದರು. "ಟೈಲರ್ ಜೊತೆ ಏನು ಗುಸುಗುಸು? ನನ್ನ ವಿಷಯಾನಾ?"

"ಇಲ್ಲಕ್ಕಾ, ಕೋಟಿನ ವಿಷಯ."

"ಅಷ್ಟು ಹೊತ್ತು ಕೋಟಾ?"

ಸಂಜೆ ಇಬ್ಬರೂ ಅವನನ್ನು ಕರೆದುಕೊಂಡು ಹೋಗಿ ಮಾಲೀಕರ ಮುಂದೆ ನಿಂತರು. ಕದ್ದು ಕೇಳುವ ಇವನನ್ನು ಖಾಲಿ ಮಾಡಿಸಿ, ಇಲ್ಲವೇ ನಾವೇ ಮನೆ ಬಿಡುತ್ತೇವೆ ಎಂದರು. ಮಾಲೀಕರು ಬೇಸರಪಡಲಿಲ್ಲ. "ಹುಡುಗ, ಏನೋ ಕಲೀತಿದಾನೆ ಬಿಡಿ," ಎಂದರು. ಅವನಿಗೆ ಅಷ್ಟು ಸಾಲದಾಯಿತು. ಈ ಕೋಣೆ ಹೋದರೆ ಊರಲ್ಲಿ ಇನ್ನೊಂದಿಲ್ಲ. ಓದೂ ಅಲ್ಲಿಗೇ ನಿಂತಂತೆ.

"ಈಗ ಕಾಲೇಜಲ್ಲಿ ರಿಹರ್ಸಲ್ ಇದೆ. ಎಲ್ಲರೂ ಬಂದು ಕಣ್ಣಾರೆ ನೋಡಿ," ಎಂದ.

"ಅದೆಲ್ಲ ಯಾಕೋ," ಎಂದರು ಮಾಲೀಕರು. ಮಿಕ್ಕವರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು.

ರಿಹರ್ಸಲ್‌ನಲ್ಲಿ ಅವನು ನಾಲ್ಕು ಹಂಡೆಗಳ ನಡುವೆ, ಅಡುಗೆಯವನು ಹದ ನೋಡುವಂತೆ ಬಗ್ಗಿ, ಚರ್ಮ ಚಿಮ್ಮಿ, ಪೆಡಲ್ ಒತ್ತಿ ಸ್ವರ ಏರಿಸುತ್ತಿದ್ದ. "ಥೇಟ್ ನಮ್ಮನೆ ಬಾಗಿಲಲ್ಲಿ ನಿಂತ ಹಾಗೇ ಇದೆ," ಎಂದ ಟೈಲರ್. ನರ್ಸಮ್ಮ ಅವನ ಸಂಗೀತದ ಮೇಷ್ಟ್ರನ್ನೇ ವಿಚಾರಿಸಿದರು.

"ನಗಾರಿ ಸ್ವರ ಒಂದು ಬಿಟ್ರೆ ಇವನ ಕಿವಿಗೆ ಬೇರೇನೂ ಬೀಳಲ್ಲಮ್ಮ. ಪಕ್ಕದಲ್ಲೇ ನಿಂತು ಬೈದ್ರೂ ತಲೆ ಆಡಿಸ್ತಾನೆ."

ನರ್ಸಮ್ಮ ಅವನ ಬೆನ್ನ ಹಿಂದೆ ಹೋಗಿ, "ಲೋ ಕತ್ತೆ," ಎಂದರು. ಅವನು ಚರ್ಮ ಚಿಮ್ಮುತ್ತಲೇ ಸಮಾಧಾನದಿಂದ ತಲೆಯಾಡಿಸಿದ. "ಪಾಪ," ಎಂದು ಅವರು ಹಿಂದಕ್ಕೆ ಬಂದರು.

ಮನೆಗೆ ಮರಳುತ್ತಲೇ ಹೊಲಿಗೆ ಯಂತ್ರ ಧಡಧಡನೆ ಶುರುವಾಯಿತು. ಜಗಳಕ್ಕೂ ದನಿ ಬಂತು. ಮಾಲೀಕರು ಅವನನ್ನು ಒಳಗೆ ಕರೆದರು.

"ನಿಜವಾಗ್ಲೂ ಏನೂ ಕೇಳಿಸಲ್ವಾ?"

"ಒಂದಕ್ಷರಾನೂ ಇಲ್ಲ ಸಾರ್," ಎಂದ ಅವನು, ಹೆಮ್ಮೆಯಿಂದ.

"ಮತ್ತೆ ಆ ಎರಡು ಮನೆ ನಡುವಿನ ಕೋಣೆ ನಿಂಗ್ಯಾಕೆ ಕೊಟ್ಟೆ ಅಂದ್ಕೊಂಡೆ? ಅವರು ನನ್ನ ಬಗ್ಗೆ ಏನಾಡ್ಕೊಳ್ತಾರೆ ಅಂತ ಇವತ್ತಲ್ಲ ನಾಳೆ ಬಂದು ಹೇಳ್ತೀಯ ಅಂತ ಕಾದಿದ್ದೇ ಬಂತು. ನಾಳೆ ಖಾಲಿ ಮಾಡು."

ಅವನು ಓಡಿಹೋಗಿ ಎರಡೂ ಬಾಗಿಲು ತಟ್ಟಿದ. "ಅಣ್ಣಾ, ಅಕ್ಕಾ, ನಿಮ್ಮ ಮಾತು ಕದ್ದು ಕೇಳ್ಲಿ ಅಂತಾನೇ ಮಾಲೀಕರು ನಂಗೆ ರೂಮ್ ಕೊಟ್ಟಿದ್ದಂತೆ. ಈಗಷ್ಟೇ ಕಿವಿಯಾರೆ ಕೇಳಿಸ್ಕೊಂಡು ಬಂದೆ."

ನರ್ಸಮ್ಮ ಕನಿಕರದಿಂದ ನಕ್ಕು ಬಾಗಿಲು ಹಾಕಿಕೊಂಡರು.

"ನಿಂಗೆಲ್ಲಿ ಕೇಳಿಸುತ್ತಪ್ಪಾ," ಎಂದು ಟೈಲರ್ ಅವನ ಬೆನ್ನು ತಟ್ಟಿ, ಕೋಟು ಕೈಗಿಟ್ಟ. ಹೊಲಿದಿದ್ದು ಒಂದೇ ತೋಳು.